ಕೈದಿಗಳ ಮತದಾನದ ಹಕ್ಕು (ಭಾರತ)

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಭಾರತದಲ್ಲಿ ಸೆರೆಯಲ್ಲಿರುವವರು ಮತ ಚಲಾಯಿಸುವಂತಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ಅಂಚೆ ಮತದ ಅವಕಾಶವಿದೆ. ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ನಿರ್ಬಂಧವಿರುವುದು ಅಪರಾಧಕ್ಕಲ್ಲ, ಸೆರೆವಾಸಕ್ಕೆ: ಶಿಕ್ಷೆಗೊಳಗಾಗಿಯೂ ಜಾಮೀನಿನ ಮೇಲೆ ಹೊರಗಿರುವವನು ಮತ ಹಾಕಬಹುದು, ಜಾಮೀನಿಗೆ ಹಣ ಹೊಂದಿಸಲಾಗದೆ ಒಳಗುಳಿದ ವಿಚಾರಣಾಧೀನ ಕೈದಿ, ತಪ್ಪು ಸಾಬೀತಾಗದಿದ್ದರೂ, ಹಾಕುವಂತಿಲ್ಲ.

ಬಿಡುಗಡೆಯೊಂದಿಗೆ ಹಕ್ಕು ತಾನಾಗಿಯೇ ಮರಳುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಇದಕ್ಕಾಗಿ 2018ರಲ್ಲಿ ಸಂವಿಧಾನ ತಿದ್ದುಪಡಿಯೇ ಬೇಕಾಯಿತು. ಆದ್ದರಿಂದ ಇಲ್ಲಿ ಇಂತಹ ಮತದಾರರನ್ನು ಒಲಿಸಿಕೊಳ್ಳಬಯಸುವ ಪಕ್ಷಕ್ಕೆ ಭಾಷಣಕ್ಕಿಂತ ನೋಂದಣಿಯೇ ಮೊದಲ ಕೆಲಸ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಂತಹ ಊರಿಗೆ ಹಿಂತಿರುಗಿದವರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿದ್ದರೆ, ನಮೂನೆ 6ನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ಸಲ್ಲಿಸಿ ಮತ್ತೆ ಸೇರಿಸಬಹುದು.