ಸ್ನಾನದ ಮರುದಿನ

ದೀಕ್ಷಾಸ್ನಾನದ ಮಾತೆತ್ತಿದರೆ ಈಗ ಕೇಳಿಬರುವುದು ಎರಡೇ ಬಗೆಯ ಮಾತು. ಸಭೆಯ ಒಳಗಿನವರಿಗೆ ಅದು ಕೂಸಿಗೆ ಬಿಳಿ ಬಟ್ಟೆ ತೊಡಿಸಿ, ಫೋಟೋ ತೆಗೆಸಿ, ನೆಂಟರಿಗೆ ಊಟ ಹಾಕಿಸುವ ಒಂದು ಭಾನುವಾರ. ಹೊರಗಿನವರಿಗೆ ಮತಾಂತರದ ಲೆಕ್ಕದಲ್ಲಿ ಒಂದು ಅಂಕಿ. ಇಬ್ಬರೂ ನೋಡುವುದು ಆ ಒಂದು ದಿನವನ್ನೇ. ಸಭಾಪಾಲಕರಾಗಲಿರುವವರಿಗೆ ಮೂವತ್ತು ವರ್ಷ ಈ ವಿಷಯ ಪಾಠ ಹೇಳಿದವನು ನಾನು. ಇತ್ತೀಚೆಗೆ ಒಂದು ಸಂಶೋಧನ ಪ್ರಬಂಧ ಓದಲು ಬಂತು. ಭಾರತದಲ್ಲಿ ದೀಕ್ಷಾಸ್ನಾನವೆಂದರೆ ಗುರುತಿನ ಬದಲಾವಣೆ, ಅಷ್ಟೇ ಎಂಬುದು ಅದರ ತೀರ್ಮಾನ. ಸ್ನಾನವಾದವರು ಮರುದಿನದಿಂದ ಹೇಗೆ ಬದುಕಿದರು ಎಂಬುದಕ್ಕೆ ಅದರಲ್ಲಿ ಒಂದು ಪುಟವೂ ಮೀಸಲಾಗಿರಲಿಲ್ಲ.

ಮೊದಲಿಗೆ ಈ ಚಿಂತನೆ ಹೀಗಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಪೌಲ ನೀರಿನ ಮಾತಿನಿಂದ ನೇರವಾಗಿ ನಡತೆಯ ಮಾತಿಗೆ ಬರುತ್ತಾನೆ. ನಾಲ್ಕನೆಯ ಶತಮಾನದ ಯೆರೂಸಲೇಮಿನ ಸಿರಿಲ್‌ನ ಹೆಸರಿನಲ್ಲಿ ಉಳಿದಿರುವ ಉಪನ್ಯಾಸಗಳು ಸ್ನಾನವಾದವರಿಗೆ, ಸ್ನಾನವಾದ ಮೇಲಿನ ದಿನಗಳಲ್ಲಿ ಹೇಳಿದವು. ಪಾಠ ಅಲ್ಲಿಂದ ಶುರುವಾಗುತ್ತಿತ್ತು. ಆಗಸ್ಟೀನನ ಜನ್ಮಪಾಪದ ವಿಚಾರ ಬಲವಾದ ಮೇಲೆ ಕೂಸಿಗೆ ಬೇಗ ಸ್ನಾನ ಮಾಡಿಸುವ ಆತಂಕ ಮುಂದಾಯಿತು. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ಸ್ನಾನ ಮಾಡಿಸಿಕೊಂಡರು. ಅಲ್ಲಿಂದಾಚೆ ಯಾರಿಗೆ, ಯಾವಾಗ, ಎಷ್ಟು ನೀರಿನಲ್ಲಿ ಎಂಬ ಜಗಳವೇ ಜಗಳ. 1529ರ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಲೂಥರ್ ಮಾತ್ರ, ಹಳೆಯ ಮನುಷ್ಯನನ್ನು ದಿನದಿನವೂ ಮುಳುಗಿಸಬೇಕು ಎಂದ. ಅವನ ಹೆಸರು ಹೇಳುವ ಸಭೆಗಳೂ ಆ 'ದಿನದಿನ'ವನ್ನು ಬಾಯಿಪಾಠಕ್ಕೆ ಬಿಟ್ಟುಬಿಟ್ಟವು.

ಇಪ್ಪತ್ತನೆಯ ಶತಮಾನದ ಯುರೋಪು ಮತ್ತೆ ಕೂಸಿನ ಪ್ರಶ್ನೆಗೇ ಬಂತು. 1943ರಲ್ಲಿ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಶಿಶುಸ್ನಾನವನ್ನು ಪ್ರಶ್ನಿಸಿದ, ಕುಲ್‌ಮನ್ ಅದಕ್ಕೆ ಉತ್ತರ ಕೊಟ್ಟ. ಮೊದಲ ಶತಮಾನಗಳಲ್ಲಿ ಕೂಸುಗಳಿಗೆ ಸ್ನಾನವಿತ್ತೇ ಎಂದು ಯೆರೆಮಿಯಾಸ್ ಮತ್ತು ಆಲಾಂಡ್ ವಾದಿಸಿದರು. ಪಾಂಡಿತ್ಯ ದೊಡ್ಡದು, ಸಂಶಯವಿಲ್ಲ. ನಾವು ಪರೀಕ್ಷೆಗೆ ಅದನ್ನೇ ಓದಿದೆವು. ಬೆಳೆದ ಕ್ರೈಸ್ತನ ಸೋಮವಾರದ ಬಗ್ಗೆ ಮಾತ್ರ ಅದರಿಂದ ನಮಗೆ ಏನೂ ದಕ್ಕಲಿಲ್ಲ.

ನಮ್ಮ ನಾಡಿನಲ್ಲಿ ಆ ಸೋಮವಾರ ಮೊದಲಿಂದಲೂ ಕಣ್ಣೆದುರೇ ಇತ್ತು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಸ್ನಾನ ಮಾಡಿಸಿಕೊಂಡಾಗ ಊರೇ ಅಲ್ಲಾಡಿತು. ಅವರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಆದರೆ ಸ್ನಾನವಾದ ಎಷ್ಟೋ ಜನ ಮನೆ, ಗೇಣಿ ಹೊಲ, ಕುಲಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ಮಿಷನ್ ನೇಯ್ಗೆಯ ಕಾರ್ಖಾನೆ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಶುರುಮಾಡಿತು. ಮಂಗಳೂರು ಹಂಚಿನ ಕಥೆ ಉದ್ಯಮದ ಚರಿತ್ರೆಗೆ ಸೇರಿಹೋಯಿತು. ದೀಕ್ಷಾಸ್ನಾನದ ಚರಿತ್ರೆಗೂ ಅದು ಸೇರಬೇಕು.

ಪದದ ವಿಚಾರವೂ ಇಲ್ಲೇ ಹೇಳಬೇಕು. ನಮ್ಮ ಕಥೋಲಿಕರು 'ಜ್ಞಾನಸ್ನಾನ' ಎನ್ನುವುದುಂಟು. ಕನ್ನಡ ಬೈಬಲ್ಲಿನಲ್ಲಿ 'ದೀಕ್ಷಾಸ್ನಾನ' ಇದೆ. ಮೂಲದ ಗ್ರೀಕ್ ಪದಕ್ಕೆ ಮುಳುಗಿಸುವುದು ಎಂದಷ್ಟೇ ಅರ್ಥ. ದೀಕ್ಷೆ ನಾವು ಕೂಡಿಸಿಕೊಂಡದ್ದು. ಲಿಂಗದೀಕ್ಷೆಯಾದವರು ದಿನವೂ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುವುದನ್ನು ಕಂಡ ನಾಡು ಇದು. ಇಲ್ಲಿ ದೀಕ್ಷೆ ಎಂದರೆ ಮುಗಿದ ಶಾಸ್ತ್ರವಲ್ಲ, ತೊಟ್ಟ ನೇಮ. ಲೂಥರನ 'ದಿನದಿನ' ಕನ್ನಡದ ಪದದಲ್ಲೇ ಅಡಗಿ ಕೂತಿದೆ. ಇದನ್ನು ಬಿಡಿಸಿ ಬರೆದ ಒಂದು ಪುಸ್ತಕವನ್ನೂ ನಾನು ಕಂಡಿಲ್ಲ.

ಮರುದಿನದ ಬದುಕನ್ನು ಚೆನ್ನಾಗಿ ಬರೆದವರಲ್ಲಿ ನನಗೆ ಮುಖ್ಯರು ಮರಾಠಿಯ ಲಕ್ಷ್ಮೀಬಾಯಿ ಟಿಳಕ್. ಗಂಡ ನಾರಾಯಣ ವಾಮನ ಟಿಳಕರು 1895ರಲ್ಲಿ ಸ್ನಾನ ಮಾಡಿಸಿಕೊಂಡರು. ಆಕೆ ವರ್ಷಗಟ್ಟಲೆ ಬೇರೆ ಇದ್ದು, ಮಡಿ ಕಾಪಾಡಿಕೊಂಡು, ಕೊನೆಗೆ 1900ರಲ್ಲಿ ತಾವೂ ಆ ದಾರಿ ಹಿಡಿದರು. ಅವರ 'ಸ್ಮೃತಿಚಿತ್ರೆ' ಓದಿದರೆ ತಿಳಿಯುತ್ತದೆ: ಯಾರ ಕೈಯಿಂದಲಾದರೂ ಉಣ್ಣುವೆ, ಕುಡಿಯುವೆ ಎಂಬ ನಿರ್ಧಾರ ಮೊದಲು ಬಂತು, ಶಾಸ್ತ್ರದ ನೀರು ಆಮೇಲೆ. ದೈವಶಾಸ್ತ್ರದ ಪಠ್ಯಪಟ್ಟಿಗೆ ಈ ಪುಸ್ತಕ ಸೇರಿಸಲು ನಾನು ಬಹಳ ಹೆಣಗಿದ್ದೇನೆ.

ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ದೈವಶಾಸ್ತ್ರಜ್ಞರಾದ ಎಂ. ಎಂ. ಥಾಮಸ್ ಮತ್ತು ಲೆಸ್ಲಿ ನ್ಯೂಬಿಗಿನ್ ನಡುವೆ 1970ರ ದಶಕದ ಆರಂಭದಲ್ಲಿ ನಡೆದ ವಾದ ಇನ್ನೂ ಬಿಸಿಯಾಗಿತ್ತು. ಇಲ್ಲಿ ಸ್ನಾನ ಎಂದರೆ ಕ್ರಿಸ್ತನನ್ನು ಸೇರುವುದಕ್ಕಿಂತ ಒಂದು ಜಾತಿಯಂಥ ಗುಂಪಿನಿಂದ ಇನ್ನೊಂದಕ್ಕೆ ದಾಟುವುದಾಗಿಬಿಟ್ಟಿದೆ ಎಂದರು ಥಾಮಸ್. ಕಣ್ಣಿಗೆ ಕಾಣುವ ಸಭೆಯಿಲ್ಲದೆ ವಿಶ್ವಾಸ ನಿಲ್ಲದು ಎಂದರು ನ್ಯೂಬಿಗಿನ್. ನಾನು ಥಾಮಸರ ಕಡೆಯವನು, ಈಗಲೂ. 1981ರಲ್ಲಿ ಅದೇ ಊರಿನಲ್ಲಿ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರಕ್ಕೆ ನಾಂದಿಯಾದ ಉಪನ್ಯಾಸ ಕೊಟ್ಟರು. ಮರುವರ್ಷ ಪೆರುವಿನ ಲೀಮಾದಲ್ಲಿ ಹಲವು ಸಭೆಗಳ ದೈವಶಾಸ್ತ್ರಜ್ಞರು ಒಪ್ಪಿದ ದಸ್ತಾವೇಜು, ಸ್ನಾನ ಒಂದು ಗಳಿಗೆಯ ಅನುಭವವಷ್ಟೇ ಅಲ್ಲ, ಬದುಕಿನುದ್ದದ ಬೆಳವಣಿಗೆ ಕೂಡ ಎಂದಿತು. ನಾಲ್ಕು ನೂರು ವರ್ಷದ ಜಗಳದಿಂದ ಹೊರಗೆ ಬರಲು ಅದು ಬಾಗಿಲು ತೆಗೆಯಿತು. ವಿಶ್ವಾಸಿಗಳ ಕೈಗೆ ಅದನ್ನು ಮುಟ್ಟಿಸಬೇಕಾಗಿದ್ದ ನನ್ನ ತಲೆಮಾರು ತರಗತಿಯ ಹೊರಗೆ ಹೆಚ್ಚು ದೂರ ಒಯ್ಯಲಿಲ್ಲ.

ಮರುದಿನದ ಪ್ರಶ್ನೆಯನ್ನು ಖಡಾಖಂಡಿತವಾಗಿ ಕೇಳಿದ್ದು ನ್ಯಾಯಾಲಯ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಗೆ ಸೇರರು. 1985ರ ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮತ ಬದಲಿಸಿದ ಮೇಲೂ ಜಾತಿಯ ಅಡಚಣೆಗಳು ಅದೇ ತೀವ್ರತೆಯಲ್ಲಿ ಮುಂದುವರಿದಿವೆ ಎಂಬುದಕ್ಕೆ ಆಧಾರ ಕೇಳಿತು. ಆ ಆಧಾರ ಕೂಡಿಸಿಡುವುದು ನಮ್ಮ ಕೆಲಸವಾಗಿತ್ತು. ಸಮಾಧಿಭೂಮಿಯಲ್ಲೂ ಜಾತಿಯ ಗೋಡೆ ಕಟ್ಟಿಕೊಂಡ ಸಭೆಗಳು ದಕ್ಷಿಣ ಭಾರತದಲ್ಲಿವೆ. ಅವನ್ನು ಕಂಡೂ ಬರೆಯದೆ ಬಿಟ್ಟವರಲ್ಲಿ ನಾನೂ ಒಬ್ಬ.

ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯನ್ನು ಕೇಳಿದ್ದೆ: "ಸ್ನಾನ ಆದ ಮ್ಯಾಲೆ ಏನ್ ಬದಲಾತು, ಅಜ್ಜಿ?" ಆಕೆ ತಗಡಿನ ಟ್ರಂಕು ತೆಗೆದು, ರೇಷನ್ ಕಾರ್ಡಿನ ಜೊತೆ ಮಡಿಚಿಟ್ಟಿದ್ದ ಸ್ನಾನದ ಚೀಟಿ ತೋರಿಸಿದರು. ಮಡಿಕೆಯ ಗೆರೆಯಲ್ಲಿ ಕಾಗದ ಹರಿದಿತ್ತು, ಹಿಂದೆ ಅನ್ನದ ಅಂಟು ಹಚ್ಚಿ ಕೂಡಿಸಿದ್ದರು. "ಊರ ಬಾವಿ ಹಂಗ ಇತ್ರೀ, ನಮ್ಮನ್ನ ಹತ್ರ ಬಿಡಲಿಲ್ಲ. ಆದ್ರ ಅವತ್ತ ಅಯ್ಯನೋರು ನನ್ನ ಹೆಸರಿಗೆ 'ಅವ್ರ' ಅಂತ ಹಚ್ಚಿ ಕರದ್ರು. ಅಲ್ಲೀತನಕ ಯಾರೂ ಹಚ್ಚಿದ್ದಿಲ್ಲ. ಮರುದಿನದಿಂದ ನಾನೂ ನನ್ನ ಸೊಸೀಗೆ ಹಂಗ ಕರೀಲಿಕ್ಕೆ ಹತ್ತಿದೆ."

ಬಾರ್ತ್‌ನ ವಾದ ಓದಿದವರು ಈ ಮಾತನ್ನೂ ಓದಬೇಕು, ಆದರೆ ಇದು ಎಲ್ಲೂ ಅಚ್ಚಾಗಿಲ್ಲ. ಮಿಷನರಿಗಳ ಪತ್ರಗಳನ್ನು ಹುಡುಕಿ ಸಂಶೋಧಕರು ಮಂಗಳೂರಿನ ಬಲ್ಮಠಕ್ಕೆ ಹೋಗುತ್ತಾರೆ, ಬಾಸೆಲ್‌ಗೂ ಹೋಗುತ್ತಾರೆ. ಹಳ್ಳಿಯ ಸಭಾಪಾಲಕರ ಮನೆಯ ಬೀರುವಿನಲ್ಲಿರುವ ಸ್ನಾನದ ರಿಜಿಸ್ಟರುಗಳನ್ನು ಯಾರೂ ತೆರೆಯುವುದಿಲ್ಲ. ಹಳೆಯ ಹೆಸರು, ಹೊಸ ಹೆಸರು, ತಂದೆಯ ಕಸುಬು, ಓಣಿ, ಒಂದೇ ದಿನ ಸ್ನಾನವಾದ ಮನೆಮಂದಿ, ಕೆಲವು ಹೆಸರುಗಳ ಎದುರು ಆಮೇಲೆ ಯಾರೋ ಬರೆದ 'ಸಭೆ ಬಿಟ್ಟರು' ಎಂಬ ಷರಾ. ನಾನು ಕೊನೆಯ ಸಲ ನೋಡಿದ ಸಂಪುಟಕ್ಕೆ ಗೆದ್ದಲು ಹಿಡಿದಿತ್ತು, ಷರಾದ ಕಾಲಂ ಅರ್ಧ ಹೋಗಿತ್ತು. ಅದರಲ್ಲಿ ಹೆಸರಿದ್ದವರಲ್ಲಿ ನಾಲ್ಕು ಜನ ಆ ಊರಿನಲ್ಲಿ ಇನ್ನೂ ಇದ್ದರು.