ನಂಬರ್ ಪ್ಲೇಟು ಹೇಳದ ಗುಟ್ಟು

ಭಾರತದ ಹಳೆಯ ಎಲೆಕ್ಟ್ರಿಕ್ ಕಾರು ಯಾವುದೆಂದು ಕೇಳಿದರೆ ಬೆಂಗಳೂರಿನ ನಾವು ಹಿಂದೆಮುಂದೆ ನೋಡದೆ ‘ರೇವಾ’ ಎನ್ನುತ್ತೇವೆ. ಅದು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಕಾಗದಪತ್ರ ಕೆದಕಿದರೆ ಜಾಡು ಇನ್ನೂ ಹಿಂದಕ್ಕೆ, 1993ರ ದೆಹಲಿ ಆಟೋ ಎಕ್ಸ್‌ಪೋದಲ್ಲಿ ಕಾಣಿಸಿಕೊಂಡ ‘ಲವ್‌ಬರ್ಡ್’ವರೆಗೆ ಎಳೆಯುತ್ತದೆ. ಜಪಾನಿನ ಯಾಸ್ಕಾವಾ ಸಂಸ್ಥೆಯ ಸಹಯೋಗದಲ್ಲಿ ಎಡ್ಡಿ ಎಲೆಕ್ಟ್ರಿಕ್ ಸೀರೀಸ್ ಹೊರತಂದ ಕಾರದು. ತಯಾರಾದ ಜಾಗವೆಂದು ಎರಡು ಊರುಗಳ ಹೆಸರಿದೆ: ಕೇರಳದ ಚಾಲಕುಡಿ, ತಮಿಳುನಾಡಿನ ಕೊಯಮತ್ತೂರು. ಮಾರಾಟವಾದದ್ದು ತೀರಾ ಕಡಿಮೆ. ಹಾಗಾಗಿ ಆ ಕಡೆಯ ಹಳೆಯ ಆಲ್ಬಮ್ಮಿನಲ್ಲಿ ಪುಟಾಣಿ ಕಾರೊಂದು ಕಂಡರೆ ಯಾವುದೆಂದು ಹೇಳುವುದು ಸುಲಭವಲ್ಲ.

ಮೊದಲು ಕಣ್ಣು ಹೋಗುವುದು ನಂಬರ್ ಪ್ಲೇಟಿಗೆ. ಟಿಎನ್ 37, 38 ಎಂದರೆ ಕೊಯಮತ್ತೂರು, 39 ಎಂದರೆ ತಿರುಪ್ಪೂರು. ಆದರೆ ಅದು ಹೇಳುವುದು ನೋಂದಣಿಯಾದ ಊರನ್ನು, ತಯಾರಾದ ಊರನ್ನಲ್ಲ. ತಿರುಪ್ಪೂರು ಜಿಲ್ಲೆ ಹುಟ್ಟಿದ್ದೇ 2009ರಲ್ಲಿ. ಅವಿನಾಶಿ, ಪಲ್ಲಡಂ ಕಡೆಯ 90ರ ದಶಕದ ದಾಖಲೆಗಳನ್ನು ಕೊಯಮತ್ತೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು. ಎಲೆಕ್ಟ್ರಿಕ್ ವಾಹನಗಳ ಹಸಿರು ಪ್ಲೇಟಂತೂ 2018ರ ಈಚಿನದು.

ಮುಂಭಾಗದಲ್ಲಿ ಗ್ರಿಲ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಎಂಬ ಲೆಕ್ಕಾಚಾರವನ್ನು ನಾನು ನಂಬುವುದಿಲ್ಲ. ಎಂಜಿನ್ ಹಿಂದಿರುವ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಗ್ರಿಲ್ ಇರಲಿಲ್ಲ. ಅತ್ತ ಅಮೆರಿಕದ ಡೆಟ್ರಾಯಿಟ್ ಎಲೆಕ್ಟ್ರಿಕ್‌ನ ಕೆಲವು ಕಾರುಗಳು ಪೆಟ್ರೋಲ್ ಕಾರಿನಂತೆ ಕಾಣಲೆಂದು ಸುಳ್ಳು ಬಾನೆಟ್ಟನ್ನೇ ಹೊತ್ತಿದ್ದವು! ಹೊಗೆ ಕೊಳವೆ ಇದೆಯೇ, ಪೆಟ್ರೋಲ್ ಮುಚ್ಚಳದ ಹಿಂದೆ ಚಾರ್ಜಿಂಗ್ ಸಾಕೆಟ್ ಇದೆಯೇ ಎಂದು ನೋಡುವುದು ವಾಸಿ.

ರೇವಾದ ಗುರುತು ಅದರ ಮೈಯಲ್ಲೇ ಇದೆ: ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ ಹಾಳೆಗಳು, ಎರಡೇ ಬಾಗಿಲು, ಸುಮಾರು 2.6 ಮೀಟರ್ ಉದ್ದ, ಹಿಂದೆ ಮಕ್ಕಳಿಗಷ್ಟೇ ಸಾಲುವ ಸೀಟು. ಲವ್‌ಬರ್ಡ್‌ನಲ್ಲಿ ಇದ್ದದ್ದು ಇಬ್ಬರಿಗೆ ಮಾತ್ರ ಜಾಗ. ಕಿಟಕಿಯೊಳಗೆ ಇಣುಕಿದ ಫೋಟೊ ಸಿಕ್ಕರಂತೂ ಅದೃಷ್ಟ. ಲವ್‌ಬರ್ಡ್‌ಗೆ ನಾಲ್ಕು ಗೇರುಗಳಿದ್ದವು. ರೇವಾದಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಿಸುವ ಗೊಡವೆಯೂ ಇಲ್ಲ.

ಇಷ್ಟಾದರೂ ಕೊನೆಯ ಮಾತು ಆರ್‌ಸಿ ಪುಸ್ತಕದ್ದು. ತಯಾರಕರ ಹೆಸರು, ಇಂಧನ, ಸೀಟುಗಳ ಸಂಖ್ಯೆ, ಚಾಸಿ ನಂಬರ್ ಎಲ್ಲವೂ ಅಲ್ಲಿರುತ್ತವೆ. ಪೊಳ್ಳಾಚಿಯಿಂದ ಅವಿನಾಶಿಯವರೆಗೆ ಯಾರದಾದರೂ ಶೆಡ್ಡಿನಲ್ಲಿ ಇಂಥ ಕಾರು ತುಕ್ಕು ಹಿಡಿಯುತ್ತಿದ್ದರೆ, ಗುಜರಿಗೆ ಹಾಕುವ ಮುನ್ನ ಡ್ಯಾಶ್‌ಬೋರ್ಡು, ಪೆಡಲುಗಳು ಮತ್ತು ಚಾಸಿ ಪ್ಲೇಟಿನ ಫೋಟೊ ತೆಗೆದಿಡಿ; ಆರ್‌ಸಿ ಪುಸ್ತಕವನ್ನು ಎಸೆಯಬೇಡಿ.