ಬೂದಿಯ ವಂಶಾವಳಿ

ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಪಾತ್ರೆ ತೊಳೆಯುವ ಪುಡಿ ತಯಾರಿಸಲು ಹೊರಟೆನೆಂದರೆ ವಾಚಕರು ನಕ್ಕಾರು. ನಗಲಿ. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಹದಿನಾಲ್ಕು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದ್ದ ಕೆಲಸದಾಕೆಗೆ ಬರಲು ದಾರಿಯಿಲ್ಲದೆ ಹೋಯಿತು. ಎರಡು ತಿಂಗಳು ಸೊಸೆ, ಮಗ, ನಾನು ಸರದಿಯ ಮೇಲೆ ಮುಸುರೆ ತಿಕ್ಕಿದೆವು. ಜೂನಿನಲ್ಲಿ ಮಗ ಪಾತ್ರೆ ತೊಳೆಯುವ ಯಂತ್ರವನ್ನೇ ತರಿಸಿದ. ಅದರ ಜೊತೆಗೆ ಬಂದ ಪುಡಿ ಹತ್ತು ದಿನಕ್ಕೆ ಮುಗಿಯಿತು. ನಮ್ಮ ಬೀದಿಯ ಅಂಗಡಿಯವನು ಅಂಥದೊಂದು ಪುಡಿಯ ಹೆಸರನ್ನೇ ಕೇಳಿರಲಿಲ್ಲ. ಪಾತ್ರೆಯ ಸೋಪು ಎಲ್ಲ ಒಂದೇ ತಾನೆ ಎಂದು ಮಗ ಕೈಯಲ್ಲಿ ತಿಕ್ಕುವಾಗ ಬಳಸುವ ದ್ರವವನ್ನೇ ನಾಲ್ಕು ಚಮಚ ಸುರಿದ. ಅರ್ಧ ಗಂಟೆಯಲ್ಲಿ ಯಂತ್ರದ ಬಾಯಿಯಿಂದ ನೊರೆ ಉಕ್ಕಿ ಅಡಿಗೆಮನೆಯ ನೆಲವನ್ನೆಲ್ಲ ಆಕ್ರಮಿಸಿ ದೇವರ ಮನೆಯ ಹೊಸ್ತಿಲನ್ನು ಮುಟ್ಟಿತು.

ಆ ಯಂತ್ರದೊಳಗೆ ತಿಕ್ಕುವ ಕೈ ಇಲ್ಲ, ನಾರಿಲ್ಲ. ಬಿಸಿನೀರು ರಭಸದಿಂದ ಪಾತ್ರೆಗೆ ಅಪ್ಪಳಿಸುವುದಷ್ಟೇ ಅದರ ಕೆಲಸ; ನಡುವೆ ನೊರೆ ನಿಂತರೆ ಆ ರಭಸವೆಲ್ಲ ಹತ್ತಿಯ ಮೇಲೆ ಹೊಡೆದಂತೆ. ನೊರೆಯೇ ಶುದ್ಧಿಯ ಲಕ್ಷಣವೆಂದು ನಂಬಿದ ನಮಗೆ ಇದು ಹೊಸ ಪಾಠ. ಹಾಗಾದರೆ ನೊರೆಯಿಲ್ಲದೆ ಜಿಡ್ಡು ತೆಗೆಯುವ ಪುಡಿಯಲ್ಲಿ ಇರುವುದಾದರೂ ಏನು? ಅಮೆರಿಕದ ಗೃಹಿಣಿಯರು ಮನೆಯಲ್ಲೇ ಮಾಡಿಕೊಳ್ಳುವ ಒಂದು ಮಿಶ್ರಣದ ವಿವರ ಸೊಸೆಗೆ ಸಿಕ್ಕಿತು: ವಾಷಿಂಗ್ ಸೋಡ, ಬಿಳಿಗಾರ, ನಿಂಬೆ ಉಪ್ಪು, ಅಡಿಗೆ ಉಪ್ಪು. ಆ ಪಟ್ಟಿಯನ್ನು ಓದುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ಬಂದು ನಿಂತವಳು ಅರಸೀಕೆರೆಯ ಕಡೆಯ ನಮ್ಮ ಹಳ್ಳಿಯ ಅಜ್ಜಿ.

ಅಜ್ಜಿಯ ಹಿತ್ತಿಲಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಪಕ್ಕದಲ್ಲಿ ಒಡೆದ ಮಡಕೆಯ ತುಂಬ ಬೂದಿ. ಬಚ್ಚಲ ಒಲೆಗೆ ನಮ್ಮಲ್ಲಿ ಉರಿಸುತ್ತಿದ್ದುದು ತೆಂಗಿನ ಮಟ್ಟೆ. ಆ ಬೂದಿಯನ್ನು ಜರಡಿ ಹಿಡಿದು ಇಡುತ್ತಿದ್ದಳು. ಅನ್ನ ಸಾರಿನ ಶೇಷವೆಲ್ಲ ಮೊದಲು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಅನಂತರ ತೆಂಗಿನ ನಾರನ್ನು ಒದ್ದೆ ಮಾಡಿ ಬೂದಿಯಲ್ಲಿ ಅದ್ದಿ ಬಾಣಲೆಯ ಜಿಡ್ಡು ತಿಕ್ಕುವುದು. ಹುಣಸೆಹಣ್ಣಿನ ಸರದಿ ಬರುತ್ತಿದ್ದುದು ಕಟ್ಟಕಡೆಗೆ, ಅದೂ ತಾಮ್ರ ಹಿತ್ತಾಳೆಗಳಿಗೆ ಮಾತ್ರ. ಬೂದಿಯನ್ನು ಪೂರ್ತಿ ತೊಳೆದ ಮೇಲಲ್ಲದೆ ಹುಳಿಯನ್ನು ಮುಟ್ಟುತ್ತಿರಲಿಲ್ಲ. ಎರಡನ್ನೂ ಕಲಸಿದರೆ ಕೆಲಸ ಬೇಗ ಆದೀತಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದಾಗ, "ಎರಡೂ ಕೆಡ್ತವೆ ಕಣೋ" ಎಂದಿದ್ದಳು. ಈ ಮಾತಿನ ಬೆಲೆ ನನಗೆ ಗೊತ್ತಾದುದು ಐವತ್ತೈದು ವರ್ಷಗಳ ಮೇಲೆ.

ಬೂದಿ ಕೆಲಸ ಮಾಡುವುದು ಬರಿಯ ಒರಟುತನದಿಂದಲ್ಲ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ತೆಂಗಿನ ಮಟ್ಟೆಯ ಬೂದಿಯಲ್ಲಂತೂ ಧಾರಾಳವಾಗಿದೆ. ಅದು ಪಾತ್ರೆಯ ಜಿಡ್ಡಿನೊಡನೆ ಕೂಡಿ ಅಲ್ಲಿಯೇ ಚೂರುಪಾರು ಸಾಬೂನಾಗುತ್ತದೆ. ಆದರೆ ಕ್ಷಾರಕ್ಕೆ ಬಾಣಲೆಯ ಜಿಡ್ಡು ಬೇರೆ, ಚರ್ಮದ ಜಿಡ್ಡು ಬೇರೆ ಎಂಬ ಭೇದವಿಲ್ಲ. ಬೂದಿ ಹಿಡಿದ ಬೆರಳು ಜಾರುತ್ತದಲ್ಲ, ಆಗ ಸಾಬೂನಾಗುತ್ತಿರುವುದು ನಮ್ಮದೇ ಚರ್ಮದ ಎಣ್ಣೆ. ಅಜ್ಜಿಯ ಅಂಗೈ ಬೇಸಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ರಾತ್ರಿ ದೀಪದ ಮುಂದೆ ಕುಳಿತು ಬಿರುಕುಗಳಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. ಎಷ್ಟು ಕ್ಷಾರವನ್ನು ಕೈ ತಾಳಬಲ್ಲುದು ಎಂಬುದೇ ಎಷ್ಟೋ ಶತಮಾನಗಳ ಕಾಲ ಪಾತ್ರೆಯ ಶುದ್ಧಿಗೆ ಎಲ್ಲೆಯಾಗಿತ್ತು ಎಂದು ನನಗೆ ತೋರುತ್ತದೆ.

ಈ ಜ್ಞಾನ ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸದ ಪಾತ್ರೆಗಳನ್ನು ಕ್ಷಾರ, ಹುಳಿ ಮತ್ತು ನೀರಿನಿಂದ ಅವಕ್ಕೆ ತಕ್ಕಂತೆ ಶುದ್ಧಿ ಮಾಡಬೇಕೆಂಬ ವಿಧಿಯಿದೆ. ಆ ಗ್ರಂಥದೊಡನೆ ನನಗೆ ಬೇರೆ ಜಗಳಗಳಿವೆ. ಪಾತ್ರೆಯ ವಿಚಾರದಲ್ಲಿ ಮಾತ್ರ ತಕರಾರಿಲ್ಲ. ತಿಕ್ಕುವ ಕೈ ಯಾರದು ಎಂಬುದನ್ನು ಆ ಶ್ಲೋಕ ಹೇಳುವುದಿಲ್ಲ, ಅಷ್ಟೆ. ಸುಶ್ರುತ ಸಂಹಿತೆಯಲ್ಲಿಯಂತೂ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಕ್ಷಾರ ತೆಗೆಯುವ ಕ್ರಮಕ್ಕೆ ಒಂದು ಅಧ್ಯಾಯವೇ ಮೀಸಲು; ವೈದ್ಯರು ಅದನ್ನು ಗಡ್ಡೆ, ಮೂಲವ್ಯಾಧಿಗಳನ್ನು ಸುಡಲು ಬಳಸುತ್ತಿದ್ದರು. ಮಾಂಸವನ್ನು ಸುಡಬಲ್ಲ ವಸ್ತುವಿನ ತಮ್ಮನನ್ನೇ ನಮ್ಮ ಹೆಂಗಸರು ದಿನಕ್ಕೆ ಎರಡು ಹೊತ್ತು ಬರಿಗೈಯಲ್ಲಿ ಹಿಡಿದರು.

ಬೂದಿ ಹಿತ್ತಿಲಿನ ವಸ್ತುವೆಂದು ತಿಳಿದಿದ್ದ ನನಗೆ, ಅದು ಒಂದು ಕಾಲದಲ್ಲಿ ಹಡಗು ಹತ್ತುತ್ತಿದ್ದ ಸರಕೆಂಬುದು ಆಶ್ಚರ್ಯದ ಸಂಗತಿ. ಗಾಜು, ಸಾಬೂನು, ಬಟ್ಟೆ ಎಲ್ಲಕ್ಕೂ ಕ್ಷಾರ ಬೇಕು. ಯುರೋಪಿನ ಕಾಡು ಸಾಲದೆ ಅಮೆರಿಕದ ಕಾಡನ್ನು ಸುಟ್ಟು ಬೂದಿ ಮಾಡಿದರು. ಅಮೆರಿಕದ ಸಂಯುಕ್ತ ಸಂಸ್ಥಾನ 1790ರ ಜುಲೈ 31ರಂದು ಕೊಟ್ಟ ಮೊಟ್ಟಮೊದಲ ಪೇಟೆಂಟು ಯಾವುದಕ್ಕೆಂದುಕೊಂಡಿರಿ? ಬೂದಿಯಿಂದ ಕ್ಷಾರ ತೆಗೆಯುವ ಉತ್ತಮ ವಿಧಾನಕ್ಕೆ, ಸ್ಯಾಮ್ಯುಯೆಲ್ ಹಾಪ್‌ಕಿನ್ಸ್ ಎಂಬಾತನಿಗೆ. ಅದಕ್ಕೆ ರುಜು ಹಾಕಿದವನು ಜಾರ್ಜ್ ವಾಷಿಂಗ್ಟನ್.

ಫ್ರಾನ್ಸಿನಲ್ಲಿ ನಿಕೊಲಾ ಲೆಬ್ಲಾಂಕ್ ಎಂಬ ವೈದ್ಯ ಮರವನ್ನು ಸುಡದೆ ಕ್ಷಾರ ತೆಗೆಯುವ ದಾರಿ ಕಂಡುಹಿಡಿದ. ಅಡಿಗೆ ಉಪ್ಪಿಗೆ ಗಂಧಕಾಮ್ಲ ಸೇರಿಸಿ, ಬಂದುದನ್ನು ಸುಣ್ಣದಕಲ್ಲು ಇದ್ದಲುಗಳೊಡನೆ ಸುಟ್ಟರೆ ಸೋಡ. 1791ರಲ್ಲಿ ಪೇಟೆಂಟು ಬಂತು. ಕಾರ್ಖಾನೆಗೆ ಹಣ ಕೊಟ್ಟಿದ್ದ ಓರ್ಲಿಯನ್ಸ್ ಡ್ಯೂಕನ ತಲೆ 1793ರಲ್ಲಿ ಉರುಳಿತು. ಕ್ರಾಂತಿ ಸರ್ಕಾರ ಕಾರ್ಖಾನೆಯನ್ನು ವಶಪಡಿಸಿಕೊಂಡು ಗುಟ್ಟನ್ನು ಬಯಲು ಮಾಡಿತು. ವಿಜ್ಞಾನ ಅಕಾಡೆಮಿ ಸಾರಿದ್ದ ಬಹುಮಾನ ಅವನ ಕೈಸೇರಲೇ ಇಲ್ಲ. 1806ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಅವನ ವಿಧಾನದಿಂದ ಇಂಗ್ಲೆಂಡಿನಲ್ಲಿ ಎಷ್ಟೋ ಜನ ಶ್ರೀಮಂತರಾದರು; ಆ ಕಾರ್ಖಾನೆಗಳ ಆಮ್ಲದ ಹೊಗೆಗೆ ಸುತ್ತಲಿನ ಮರಗಿಡಗಳು ಸತ್ತು, 1863ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆ ಅಮೋನಿಯದ ಸುಲಭ ಮಾರ್ಗ ಹಿಡಿದಿದ್ದ. ನಮ್ಮಲ್ಲಿ 1939ರಲ್ಲಿ ಟಾಟಾ ಕೆಮಿಕಲ್ಸ್ ಸ್ಥಾಪನೆಯಾಗಿ ಗುಜರಾತಿನ ಮೀಠಾಪುರದಲ್ಲಿ ಸಮುದ್ರದ ಉಪ್ಪೇ ಸೋಡವಾಯಿತು.

ಇನ್ನು ಯಂತ್ರದ ಕತೆ. ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಊರಿನ ಶ್ರೀಮತಿ ಜೋಸೆಫೀನ್ ಕಾಕ್ರೇನ್ 1886ರ ಡಿಸೆಂಬರ್ 28ರಂದು ಅದಕ್ಕೆ ಪೇಟೆಂಟು ಪಡೆದಳು. ಕೈ ಸವೆದುದರಿಂದಲ್ಲ, ಆಳುಗಳು ತೊಳೆಯುವಾಗ ತನ್ನ ಪಿಂಗಾಣಿಯ ಅಂಚು ಒಡೆಯುತ್ತಾರೆಂಬ ಸಂಕಟದಿಂದ! ಆದರೆ ಗಂಡ ತೀರಿಕೊಂಡು ಸಾಲ ತಲೆಯ ಮೇಲೆ ಬಿದ್ದಾಗ ಅದೇ ಯಂತ್ರವನ್ನು ಹಿಡಿದು ಬದುಕಿದಳು ಎಂಬುದನ್ನೂ ಹೇಳಬೇಕು. 1893ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ಹೋಟೆಲಿನವರು ಅದನ್ನು ಮೆಚ್ಚಿಕೊಂಡರು. ಮನೆಮನೆಗೆ ಅದು ಬರಲು ಇನ್ನೂ ಅರ್ಧ ಶತಮಾನವಾಯಿತು. ಹಾಗೆ ಬಂದಾಗ ಒಂದು ದೊಡ್ಡ ಬದಲಾವಣೆ ಆಯಿತು: ಪುಡಿಯನ್ನು ಮುಟ್ಟುವ ಕೈ ಇಲ್ಲವಾದ್ದರಿಂದ, ಕೈ ತಾಳದಷ್ಟು ಕ್ಷಾರವನ್ನು, ಕೈ ತಾಳದಷ್ಟು ಬಿಸಿನೀರನ್ನು ಬಳಸಬಹುದಾಯಿತು.

ಒಂದು ತೊಡಕು ಮಾತ್ರ ಉಳಿಯಿತು. ಗಡಸು ನೀರಿನಲ್ಲಿರುವ ಸುಣ್ಣ ಸೋಡದೊಡನೆ ಕೂಡಿ ಗಾಜಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದಕ್ಕೆ ಕಾರ್ಖಾನೆಯವರು ಫಾಸ್ಫೇಟ್ ಬೆರೆಸಿದರು; ಅದು ಸುಣ್ಣವನ್ನು ನೀರಿನಲ್ಲೇ ಹಿಡಿದಿಡುತ್ತದೆ. ಲೋಟವೇನೋ ಥಳಥಳಿಸಿತು. ಆದರೆ ಫಾಸ್ಫೇಟ್ ಪಾಚಿಗೂ ಗೊಬ್ಬರ. ಕೆರೆ ಸರೋವರಗಳು ಹಸಿರುಗಟ್ಟಿ ಮೀನುಗಳು ಉಸಿರುಕಟ್ಟಿ ಸತ್ತವು. ವಾಷಿಂಗ್ಟನ್ ಪ್ರಾಂತದ ಸ್ಪೋಕೇನ್ ಸೀಮೆಯಲ್ಲಿ 2008ರಲ್ಲಿ ಅಂಥ ಪುಡಿಯನ್ನು ನಿಷೇಧಿಸಿದಾಗ, ಜನ ಕಾರು ಹತ್ತಿ ಪಕ್ಕದ ಐಡಾಹೊ ಪ್ರಾಂತಕ್ಕೆ ಹೋಗಿ ಪುಡಿಯ ಡಬ್ಬಿಗಳನ್ನು ಕಳ್ಳಸಾಗಣೆಯವರಂತೆ ತುಂಬಿಕೊಂಡು ಬಂದರು. 2010ರಲ್ಲಿ ಅಮೆರಿಕದ ಹಲವು ಪ್ರಾಂತಗಳಲ್ಲಿ ಒಟ್ಟಿಗೆ ನಿಷೇಧ ಬಂತು. ಯುರೋಪಿನಲ್ಲಿ 2017ರ ಆರಂಭದಿಂದ ಕಟ್ಟುನಿಟ್ಟಾದ ಮಿತಿ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದುದನ್ನು ಕಂಡ ಬೆಂಗಳೂರಿನವರಿಗೆ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಓದಿಕೊಂಡು ನಾನು ಪುಡಿ ಮಾಡಲು ಕುಳಿತೆ. ಬಿಳಿಗಾರವನ್ನು ಮೊದಲೇ ಕೈಬಿಟ್ಟೆ. ಟಿಬೆಟ್ಟಿನ ಸರೋವರಗಳಿಂದ ಕುರಿಗಳ ಬೆನ್ನೇರಿ ಹಿಮಾಲಯ ದಾಟಿ ಅಕ್ಕಸಾಲಿಗರ ಕುಲುಮೆಗೆ ಬರುತ್ತಿದ್ದ ಆ ಟಂಕಣದ ಮೇಲೆ ನನಗೆ ಪ್ರೀತಿಯಿದೆ. ಆದರೆ ಅದು ಸಂತಾನಶಕ್ತಿಗೆ ಕೆಡುಕೆಂದು ಯುರೋಪಿನವರು 2010ರಲ್ಲಿ ಎಚ್ಚರಿಕೆಯ ಪಟ್ಟಿಗೆ ಸೇರಿಸಿದ್ದಾರೆ. ಉಪ್ಪನ್ನೂ ಬಿಟ್ಟೆ, ಯಂತ್ರದ ತಳದಲ್ಲಿ ನೀರನ್ನು ಮೆದುಗೊಳಿಸಲೆಂದೇ ಉಪ್ಪಿಗೊಂದು ಗೂಡಿದೆ, ಪುಡಿಯಲ್ಲಿ ಅದಕ್ಕೆ ಕೆಲಸವಿಲ್ಲ. ಎರಡು ಪಾಲು ಸೋಡ, ಒಂದು ಪಾಲು ನಿಂಬೆ ಉಪ್ಪು ಕಲಸಿ ಜಾಡಿಗೆ ತುಂಬಿದೆ. ಮಳೆಗಾಲ. ಮರುದಿನ ಬೆಳಗ್ಗೆ ಜಾಡಿಯಲ್ಲಿದ್ದುದು ಪುಡಿಯಲ್ಲ, ಬಂಡೆ. ಒಡೆದು ಹಾಕಿದೆ. ಲೋಟಗಳು ವಿಭೂತಿ ಧರಿಸಿ ಹೊರಬಂದವು. ಸೊಸೆಯ ತವರಿನ ಅಲ್ಯುಮಿನಿಯಂ ದಬರಿ ಕಪ್ಪಿಟ್ಟು ಹೋಯಿತು. ಕ್ಷಾರಕ್ಕೆ ಅಲ್ಯುಮಿನಿಯಂ ತಾಳುವುದಿಲ್ಲವೆಂದು ಶಾಲೆಯಲ್ಲಿ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸೊಸೆ ಏನೂ ಅನ್ನಲಿಲ್ಲ. ದಬರಿಯನ್ನು ಒಂದು ವಾರ ಕಿಟಕಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಳು.

ಆಗ ನೆನಪಾದುದು ಅಜ್ಜಿಯ "ಎರಡೂ ಕೆಡ್ತವೆ ಕಣೋ". ಕ್ಷಾರವೂ ಹುಳಿಯೂ ಜಾಡಿಯಲ್ಲೇ ಕಾದಾಡಿ ಗಾಳಿಯಾಗಿ ಬುಸುಗುಟ್ಟಿ ಮುಗಿದಿದ್ದವು. ಉಳಿದ ಸಿಟ್ರೇಟ್ ಸುಣ್ಣವನ್ನು ಸ್ವಲ್ಪ ಹಿಡಿಯುತ್ತದೆ, ಪೂರ್ತಿ ನಷ್ಟವಲ್ಲ. ಆದರೆ ನಮ್ಮ ಕೊಳವೆಬಾವಿಯ ನೀರಿಗೆ ಅದು ಸಾಲದು. ಸೋಡವನ್ನು ಬೇರೆಯಾಗಿ ತೊಳೆಯುವ ಗೂಡಿಗೆ ಹಾಕಿದೆ. ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಕೊನೆಯ ಜಾಲಿಸುವ ಗೂಡಿಗೆ ಹೊಯ್ದೆ. ಮೊದಲು ಬೂದಿ, ಆಮೇಲೆ ಹುಣಸೆ. ಲೋಟ ತಿಳಿಯಾಯಿತು. ಅಂಟಿ ಒಣಗಿದ ಅನ್ನದ ಗಂಜಿ ಮಾತ್ರ ಹೋಗಲಿಲ್ಲ. ಅಂಗಡಿಯ ಪುಡಿಯಲ್ಲಿ ಪಿಷ್ಟವನ್ನು ಜೀರ್ಣಿಸುವ ಕಿಣ್ವಗಳಿರುತ್ತವೆ. ಅವನ್ನು ಮನೆಯಲ್ಲಿ ಮಾಡುವ ವಿದ್ಯೆ ಅಜ್ಜಿಗೂ ಗೊತ್ತಿರಲಿಲ್ಲ, ಆಕೆ ಪಾತ್ರೆಯನ್ನು ನೆನೆಹಾಕುತ್ತಿದ್ದಳು.

ಆಗಸ್ಟಿನಲ್ಲಿ ಕೆಲಸದಾಕೆ ಮರಳಿ ಬಂದಳು. ಅಡಿಗೆಮನೆಯ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದ ಯಂತ್ರವನ್ನು ಕಂಡು ಬಾಗಿಲಲ್ಲೇ ನಿಂತಳು. "ಹಂಗಾದ್ರೆ ನಾನು ಬರಂಗಿಲ್ವಾ ಅಕ್ಕ?" ಎಂದು ಸೊಸೆಯನ್ನು ಕೇಳಿದಳು. ಮಗನಿಗೆ ಸಂಬಳದ ಲೆಕ್ಕ ತಲೆಯಲ್ಲಿತ್ತು. ನನಗೆ ಗೊತ್ತು, ಹಿಂದಿನ ರಾತ್ರಿ ಆ ಮಾತು ಬಂದಿತ್ತು, ನಾನು ಊಟ ಬಿಟ್ಟು ಎದ್ದಿದ್ದೆ. ಬಾಣಲೆ, ಕುಕ್ಕರು, ಹಿತ್ತಾಳೆ, ಅಲ್ಯುಮಿನಿಯಂ ಯಾವುದೂ ಯಂತ್ರಕ್ಕೆ ಸೇರುವುದಿಲ್ಲ, ಅವೆಲ್ಲ ನಿನ್ನವೇ, ಸಂಬಳ ಮೊದಲಿನಷ್ಟೇ ಎಂದು ಸೊಸೆಯೇ ತೀರ್ಮಾನ ಹೇಳಿದಳು. ಮಗ ಪತ್ರಿಕೆ ಮಡಿಸಿಟ್ಟು ಒಳಗೆ ಹೋದ.

ಆಕೆ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಬಳಿ ಬಂದವಳು ನನ್ನ ಸೋಡದ ಜಾಡಿಯನ್ನು ನೋಡಿ ಮುಚ್ಚಳ ತೆಗೆದಳು. ಒದ್ದೆ ಬೆರಳಿಗೆ ಚಿಟಿಕೆ ಪುಡಿ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಬೂದಿ ಜಾರ್ದಂಗೇ ಜಾರ್ತದೆ ಸಾರ್," ಎಂದು, ನಲ್ಲಿ ತಿರುಗಿಸಿ ಆ ಎರಡು ಬೆರಳನ್ನು ಬಹಳ ಹೊತ್ತು ತೊಳೆದುಕೊಂಡಳು.